ಮಾರ್ಗಚಾಂಚಲ್ಯ ನಿಗ್ರಹ: ಒಂದು ವಿಮರ್ಶೆ

ಅಂತರ್ಜಾಲದ ರೌಟರಿನಲ್ಲಿ ಪ್ರೊಸೆಸರಿನ ಭಾರವು ಸದಾ ಹೆಚ್ಚಾಗಿಯೇ ಇದ್ದರೆ ಕಾರಣವನ್ನು ಹುಡುಕುವುದು ಅಷ್ಟು ಕಷ್ಟವಲ್ಲ. ಆಗಾಗ ಏರಿ, ನೋಡುವಷ್ಟರಲ್ಲಿ ಇಳಿದುಹೋಗುವ ಭಾರವೇ ದುರ್ಗ್ರಾಹ್ಯವಾದುದು. ಇಂಥ ಏರಿಳಿತದ ಕಾರಣಗಳಲ್ಲಿ ಮಾರ್ಗಗಳ ಚಾಂಚಲ್ಯವೂ ಒಂದು. ಎಲ್ಲಿಯೋ ಒಂದು ಕೊಂಡಿಯು ಕಡಿದು, ಕೂಡಿ, ಮತ್ತೆ ಕಡಿಯುತ್ತಿದ್ದರೆ ಆ ವಾರ್ತೆಯು ಬಿಜಿಪಿ ಎಂಬ ನಿಯಮಾವಳಿಯ ಮೂಲಕ ದೂರದ ರೌಟರುಗಳಿಗೂ ಮುಟ್ಟಿ, ಅವು ತಮ್ಮ ಮಾರ್ಗಗಳನ್ನು ಮರಳಿ ಗಣಿಸಬೇಕಾಗುವುದು. ಇದಕ್ಕೆ ಚಿಕಿತ್ಸೆಯಾಗಿ ವಿಲ್ಲಮಿಝರ್, ಚಂದ್ರ, ಗೋವಿಂದನ್ ಎಂಬ ಮೂವರು 1998ರಲ್ಲಿ ಪ್ರಕಟಿಸಿದ ಆರ್‌ಎಫ್‌ಸಿ 2439 ಎಂಬ ಲೇಖವೇ ಇಲ್ಲಿ ವಿಚಾರಣೀಯವಾದುದು.

ಲೇಖದ ತತ್ತ್ವವು ಸರಳವಾಗಿದೆ. ಮಾರ್ಗವು ಚಲಿಸಿದಂತೆಲ್ಲ ಅದರ ಮೇಲೆ ದಂಡಾಂಕವು ಬೀಳುತ್ತದೆ. ಸ್ಥಿರವಾಗಿ ನಿಂತರೆ ದಂಡವು ಕ್ರಮವಾಗಿ ಕರಗುತ್ತದೆ. ಮೇರೆಯನ್ನು ಮೀರಿದ ಮಾರ್ಗಕ್ಕೆ ದಂಡವು ಇಳಿಯುವವರೆಗೆ ತಡೆಯುಂಟು. ಸಿಸ್ಕೊ ರೌಟರುಗಳ ರೂಢಿಯ ಲೆಕ್ಕದಲ್ಲಿ ಒಂದು ಹಿಂತೆಗೆತಕ್ಕೆ ದಂಡ 1000, ತಡೆಯ ಮೇರೆ 2000, ಬಿಡುಗಡೆಯ ಮೇರೆ 750, ದಂಡವು ಅರ್ಧಕ್ಕಿಳಿಯುವ ಕಾಲ 15 ನಿಮಿಷ, ತಡೆಯ ಪರಮಾವಧಿ 60 ನಿಮಿಷ. ಅಪರಾಧಕ್ಕೆ ಶಿಕ್ಷೆ, ಸನ್ನಡತೆಗೆ ಕ್ಷಮೆ ಎಂಬ ಈ ಏರ್ಪಾಡು ಮೇಲುನೋಟಕ್ಕೆ ನ್ಯಾಯವಾಗಿಯೇ ತೋರುತ್ತದೆ.

ಆದರೆ ವಾರ್ತೆಗಳ ಸಂಖ್ಯೆಯನ್ನೇ ಅಪರಾಧಗಳ ಸಂಖ್ಯೆಯೆಂದು ಎಣಿಸಿದುದು ಇದರ ಮೂಲದೋಷ. ಮಾರ್ಗವೊಂದು ಒಮ್ಮೆ ಮಾತ್ರ ಕಡಿದಾಗಲೂ ರೌಟರುಗಳು ಪರ್ಯಾಯ ಮಾರ್ಗಗಳನ್ನು ಒಂದೊಂದಾಗಿ ಹಿಡಿದು ಬಿಡುತ್ತವೆ. ಆ ಒಂದೊಂದು ಬದಲಾವಣೆಯೂ ಮುಂದಿನ ರೌಟರಿಗೆ ಹೊಸ ಚಲನೆಯಂತೆ ಕಾಣುತ್ತದೆ. ಒಂದೇ ಸಲ ಕಡಿದು ಕೂಡಿದ ಮಾರ್ಗವೂ ಒಂದು ಗಂಟೆಯವರೆಗೆ ತಡೆಗೆ ಸಿಕ್ಕಬಹುದೆಂದು ಮಾವೊ, ಗೋವಿಂದನ್, ವರ್ಗೀಸ್, ಕಾಟ್ಜ್ ಇವರು 2002ರಲ್ಲಿ ತೋರಿಸಿದರು. ಮೂಲಲೇಖದ ಕರ್ತೃಗಳಲ್ಲೊಬ್ಬರಾದ ಗೋವಿಂದನ್ನರೇ ಈ ಖಂಡನೆಯಲ್ಲಿಯೂ ಪಾಲುಗೊಂಡಿರುವುದು ಪ್ರಶಂಸನೀಯ. ನಾಲ್ಕು ದಿಕ್ಕಿನಿಂದ ಸಂಪರ್ಕವನ್ನು ಪಡೆದು ಎಚ್ಚರದಿಂದಿರುವ ಜಾಲಕ್ಕೇ ಹೆಚ್ಚು ಶಿಕ್ಷೆಯಾಗುವುದಾದರೆ ಅದನ್ನು ನ್ಯಾಯವೆನ್ನಲಾಗದು. ಯುರೋಪಿನ ರೈಪ್ ಮಂಡಲಿಯು 2006ರಲ್ಲಿ ಈ ವಿಧಾನವೇ ಬೇಡವೆಂದು ಸಲಹೆಯಿತ್ತಿತು.

ಆದರೂ ಪೂರ್ಣತ್ಯಾಗವು ಯುಕ್ತವಾಗಿರಲಿಲ್ಲ. 2014ರ ಆರ್‌ಎಫ್‌ಸಿ 7196 ವಿಧಾನವನ್ನು ಉಳಿಸಿಕೊಂಡು, ತಡೆಯ ಮೇರೆಯು 6000ಕ್ಕೆ ಕಡಮೆಯಿರಬಾರದೆಂದು ಸಲಹೆಯಿತ್ತಿತು. ಹೀಗೆ ಮಾಡಿದರೆ ಕ್ಷಣಿಕ ಚಲನೆಯ ಮಾರ್ಗಗಳು ಬಹುಮಟ್ಟಿಗೆ ಪಾರಾಗಿ, ಬಹುಕಾಲ ಚಂಚಲವಾಗಿರುವ ಕೆಲವೇ ಮಾರ್ಗಗಳು ಸಿಕ್ಕಿಬೀಳುವುವು. ಮದ್ದು ಸರಿಯಾಗಿತ್ತು, ಪ್ರಮಾಣ ತಪ್ಪಿತ್ತು ಎಂಬುದು ಇದರಿಂದ ಸಿದ್ಧವಾಗುತ್ತದೆ. ಆದರೂ ಎಣಿಕೆಯ ದೋಷವು ಇದರಿಂದ ನೀಗಲಿಲ್ಲ, ಅದರ ಫಲವು ಮಾತ್ರ ಸೌಮ್ಯವಾಯಿತು.

ಆದಕಾರಣ ರೌಟರಿನ ಪಾಲಕನು ತಡೆಯನ್ನು ಹೂಡುವ ಮೊದಲು, ಭಾರವೇರಿದ ಕ್ಷಣದಲ್ಲಿ ಪ್ರೊಸೆಸರನ್ನು ಹಿಡಿದಿರುವುದು ಬಿಜಿಪಿಯ ಗಣನೆಯೋ ಸಾಗಿಬರುವ ದತ್ತಾಂಶದ ದಟ್ಟಣೆಯೋ ಎಂಬುದನ್ನೂ, ಬಿಜಿಪಿಯಾದರೆ ಯಾವ ಮಾರ್ಗದಿಂದ ಎಂಬುದನ್ನೂ ನಿರ್ಣಯಿಸತಕ್ಕದ್ದು. ನಿದಾನವಿಲ್ಲದ ಚಿಕಿತ್ಸೆಯು ರೌಟರನ್ನು ಉಳಿಸಿ, ಅದು ಯಾರಿಗಾಗಿ ಇದೆಯೋ ಅವರ ದಾರಿಯನ್ನೇ ಮುಚ್ಚೀತು.