ಕುಸಿದದ್ದು ಸರಪಳಿಯೋ, ಹೊರಬಿದ್ದದ್ದು ನೀರೋ?

ದ್ರವ ಕ್ರೊಮ್ಯಾಟೊಗ್ರಫಿಯ ಪ್ರಯೋಗಶಾಲೆಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ 'ಫೇಸ್ ಕೊಲ್ಯಾಪ್ಸ್' ಎಂಬ ಮಾತು, ಕೇಳುವುದಕ್ಕೆ ಎಷ್ಟೇ ಶಾಸ್ತ್ರೀಯವಾಗಿದ್ದರೂ, ತಾನು ಹೆಸರಿಸಹೊರಟ ವಿದ್ಯಮಾನಕ್ಕೆ ಅನ್ಯಾಯವನ್ನೇ ಎಸಗಿದೆಯೆಂಬುದು ನನ್ನ ಅಭಿಪ್ರಾಯ. ಸಿಲಿಕಾ ಕಣಗಳ ಸೂಕ್ಷ್ಮರಂಧ್ರಗಳ ಒಳಮೈಗೆ ಹದಿನೆಂಟು ಇಂಗಾಲದ ಸರಪಳಿಗಳನ್ನು ಬೆಸೆದು ಸಿದ್ಧಪಡಿಸಿದ ಸಿ-18 ಕಾಲಮ್ಮಿನಲ್ಲಿ, ಮೆಥನಾಲಿನ ಲವಲೇಶವೂ ಇಲ್ಲದ ಬರಿಯ ನೀರನ್ನು ಹರಿಯಿಸಿ, ನಡುವೆ ಪಂಪನ್ನು ನಿಲ್ಲಿಸಿ ಮತ್ತೆ ನಡೆಸಿದರೆ, ಹಿಂದೆ ತಡೆತಡೆದು ಹೊರಬರುತ್ತಿದ್ದ ವಸ್ತುಗಳು ಈಗ ಹಿಡಿಯುವವರೇ ಇಲ್ಲದಂತೆ ಧಾವಿಸಿ ಬರುವುದುಂಟು. ಜಲದ್ವೇಷಿಗಳಾದ ಸರಪಳಿಗಳು ನೀರಿನ ಸಹವಾಸಕ್ಕೆ ಹೇಸಿ ಒಂದರ ಮೇಲೊಂದು ಮುದುಡಿ ಮಲಗಿದವೆಂಬುದು ಇದಕ್ಕೆ ಹಳೆಯ ವ್ಯಾಖ್ಯಾನ.

ರಮ್ಯವಾದ ವ್ಯಾಖ್ಯಾನವೇ ಸರಿ. ಆದರೆ ಮುದುಡುವ ಸರಪಳಿಗೆ ಪಂಪು ನಡೆಯುತ್ತಿದೆಯೋ ನಿಂತಿದೆಯೋ ಎಂಬುದರ ಗೊಡವೆಯೇಕೆ? ಥಾಮಸ್ ವಾಲ್ಟರ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದ ಪ್ರಬಂಧವು, ವಸ್ತುಗಳನ್ನು ತಡೆದಿಡುವ ಈ ಧಾರಣಶಕ್ತಿಯ ನಷ್ಟಕ್ಕೆ ಕಾರಣ ರಂಧ್ರಗಳೊಳಗಿನ ನೀರು ಹೊರದೂಡಲ್ಪಡುವುದೇ ಎಂದು ತೋರಿಸಿತು. ಮೇಣ ಸವರಿದಂಥ ಆ ಒಳಮೈಯಲ್ಲಿ ನೀರಿನ ಸ್ಪರ್ಶಕೋನ 90 ಡಿಗ್ರಿಯನ್ನು ಮೀರುವುದರಿಂದ, 10 ನ್ಯಾನೊಮೀಟರ್ ವ್ಯಾಸದ ರಂಧ್ರದೊಳಕ್ಕೆ ಅದು ತಾನಾಗಿ ಪ್ರವೇಶಿಸಲಾರದು. ಕೋನವನ್ನು 110 ಡಿಗ್ರಿಯೆಂದು ಭಾವಿಸಿ ಲೆಕ್ಕ ಹಾಕಿದರೆ, ಅದನ್ನು ಒಳನೂಕಲು ವಾಯುಮಂಡಲದ ಒತ್ತಡದ ಹೆಚ್ಚುಕಡಿಮೆ 100 ಪಟ್ಟು ಬೇಕಾಗುವುದು. ಮೊದಲೇ ಮೆಥನಾಲಿನಿಂದ ತೊಯ್ದ ರಂಧ್ರದಲ್ಲಿ ಪಂಪಿನ ಒತ್ತಡದ ಬಲದಿಂದ ನಿಂತಿದ್ದ ನೀರು, ಒತ್ತಡವಿಳಿದೊಡನೆ ಹೊರಬೀಳುವುದು. ಕಾಲಮ್ಮಿನ ಮೇಲ್ಮೈಯ ಬಹುಪಾಲು ಈ ರಂಧ್ರಗಳೊಳಗೇ ಇರುವುದರಿಂದ, ವಸ್ತುಗಳಿಗೆ ತಂಗುವ ಎಡೆಯೇ ಇಲ್ಲವಾಗುವುದು. ಇದು ಕುಸಿತವಲ್ಲ, ಒಣಗುವಿಕೆ.

ಹಾಗೆಂದು ಸರಪಳಿಗಳಿಗೆ ಅವಸ್ಥಾಂತರವೇ ಇಲ್ಲವೆಂದಲ್ಲ. ಹದಿನೆಂಟು ಇಂಗಾಲದ ಬಿಡಿ ಸರಪಳಿಯಾದ ಆಕ್ಟಡೆಕೇನ್ 28 ಡಿಗ್ರಿ ಸೆಲ್ಸಿಯಸ್ಸಿನ ಸಮೀಪದಲ್ಲಿ ಒಮ್ಮೆಗೇ ಕರಗುವುದು. ಒಂದು ತುದಿಯನ್ನು ಸಿಲಿಕಾಕ್ಕೆ ಒಪ್ಪಿಸಿಕೊಂಡ ಅದೇ ಉದ್ದದ ಸರಪಳಿಗೆ ಆ ಸ್ವಾತಂತ್ರ್ಯವಿಲ್ಲವಾಗಿ, ದಟ್ಟವಾಗಿ ನೆಟ್ಟ ಕಡೆಗಳಲ್ಲಿ ಅದು ಉಷ್ಣತೆ ಏರಿದಂತೆ ಕ್ರಮದಿಂದ ಅಕ್ರಮಕ್ಕೆ ಮೆಲ್ಲಮೆಲ್ಲನೆ ಜಾರುವುದು. ಧಾರಣಶಕ್ತಿ ಉಷ್ಣತೆಯೊಡನೆ ಬದಲಾಗುವ ಬಗೆಯನ್ನು ತೋರುವ, ನೆಟ್ಟಗಿರಬೇಕಾದ ವಾಂಟ್ ಹಾಫ್ ರೇಖೆ ಅಲ್ಲಿ ಬಾಗುವುದು. ನಿಜವಾದ ಪ್ರಾವಸ್ಥಾಪರಿವರ್ತನೆಯೆಂಬ ಗೌರವ ಸಲ್ಲಬೇಕಾದದ್ದು ಇದಕ್ಕೇ ಹೊರತು, ನೀರಿನ ಪಲಾಯನಕ್ಕಲ್ಲ.

ತಪ್ಪು ಹೆಸರು ಇಷ್ಟು ಕಾಲ ಬಾಳಿದ್ದು ಚಿಕಿತ್ಸೆಯ ದೆಸೆಯಿಂದ ಎಂದು ತೋರುತ್ತದೆ: ಮುದುಡಿದ ಸರಪಳಿಯನ್ನು ಬಿಡಿಸುವುದಕ್ಕೆಂದು ಹರಿಯಿಸಿದ ಮೆಥನಾಲೇ ಒಣಗಿದ ರಂಧ್ರವನ್ನೂ ತೋಯಿಸಿತು, ರೋಗ ಗುಣವಾದ ಮೇಲೆ ನಿದಾನವನ್ನು ಶಂಕಿಸುವವರು ವಿರಳ. ಆದುದರಿಂದ ಓದುಗರಲ್ಲಿ ಕಾಲಮ್ಮುಗಳೊಡನೆ ಕೆಲಸಮಾಡುವವರಿದ್ದರೆ, ಧಾರಣಶಕ್ತಿ ಕಳೆದುಕೊಂಡ ಕಾಲಮ್ಮನ್ನು ಬಿಸಾಡುವ ಮುನ್ನ, ಅರ್ಧಕ್ಕೂ ಮಿಗಿಲಾಗಿ ಮೆಥನಾಲಿರುವ ಮಿಶ್ರಣವನ್ನು ಒಮ್ಮೆ ಅದರಲ್ಲಿ ಹರಿಯಿಸಿ ನೋಡಬೇಕು.