ಎಲ್ಲಿ ಕೆಟ್ಟಿದೆ ಎಂದು ತಾನೇ ಹೇಳುವ ಬೂಟ್

ಖಾಲಿ ಡಿಸ್ಕಿನ ಕಂಪ್ಯೂಟರೊಂದು ನೆಟ್‌ವರ್ಕ್ ಕೇಬಲನ್ನೇ ನಂಬಿ ಎದ್ದು ಕೂರುವುದು ನೋಡಲು ಚೆಂದ. ಹೀಗೆ ನೆಟ್‌ವರ್ಕ್‌ನಿಂದ ಬೂಟ್ ಆಗಲು ಇಂಟೆಲ್ 1999ರಲ್ಲಿ ಹೊರತಂದ ಮಾನದಂಡ ಪಿಎಕ್ಸ್‌ಇ 2.1ರಲ್ಲಿ ನನಗೆ ಇನ್ನೂ ಇಷ್ಟವಾಗುವುದು, ಕೈಕೊಟ್ಟಾಗಲೂ ಅದು ಕೊಡುವ ಸ್ಪಷ್ಟ ಸುಳಿವು. ಬಯೋಸ್ ಯಂತ್ರದ ಪರದೆಯಲ್ಲಿ ‘ಇ51’ ಬಂದರೆ ಐಪಿ ವಿಳಾಸ ಕೊಡುವ ಡಿಎಚ್‌ಸಿಪಿ ಸರ್ವರ್‌ನಿಂದ ಉತ್ತರವೇ ಬಂದಿಲ್ಲ. ‘ಇ53’ ಎಂದರೆ ಐಪಿ ವಿಳಾಸ ಸಿಕ್ಕಿದೆ, ಬೂಟ್ ಫೈಲಿನ ಹೆಸರು ಸಿಕ್ಕಿಲ್ಲ. ಡಿಎಚ್‌ಸಿಪಿಯ 67ನೇ ಆಪ್ಷನ್ ನೋಡಬೇಕು. ‘ಇ32’ ಆದರೆ ಆ ಫೈಲನ್ನು ಕಳಿಸುವ ಟಿಎಫ್‌ಟಿಪಿ ಸರ್ವರ್ ಸ್ಪಂದಿಸುತ್ತಿಲ್ಲ. ಯುಡಿಪಿ 69ನೇ ಪೋರ್ಟನ್ನು ಫೈರ್‌ವಾಲ್ ತಡೆದಿರಬಹುದು. ಫೈಲ್ ಇಳಿದ ಮೇಲೂ ಯಂತ್ರ ಮುಂದೆ ಸಾಗದಿದ್ದರೆ ಫೈಲೇ ಅದಲುಬದಲಾಗಿರಬಹುದು: ಉದಾಹರಣೆಗೆ, ಡಿಸ್ಕ್ ಇಮೇಜಿಂಗ್‌ಗೆ ಬಳಸುವ ಫಾಗ್ ಸರ್ವರ್‌ನಲ್ಲಿ ಬಯೋಸ್‌ಗೆ ‘ಅಂಡಿಓನ್ಲಿ.ಕೆಪಿಎಕ್ಸ್‌ಇ’, ಹೊಸ ಬಗೆಯ ಯುಇಎಫ್‌ಐ ಫರ್ಮ್‌ವೇರ್‌ಗೆ ‘ಐಪಿಎಕ್ಸ್‌ಇ.ಇಎಫ್‌ಐ’. ನಿಂತ ಹೆಜ್ಜೆ ಗೊತ್ತಾದರೆ ಹಿಂದಿನವನ್ನೆಲ್ಲ ಮತ್ತೆ ತಡಕಬೇಕಿಲ್ಲ. ದುರಸ್ತಿ ಮಾಡುವವರ ಸಮಯಕ್ಕೆ ಇಷ್ಟು ಬೆಲೆ ಕೊಟ್ಟ ವಿನ್ಯಾಸ ಅಪರೂಪ.