ಮೂರನೆಯವನ ಜಗಲಿ

ಕಾಪುವಿನಲ್ಲಿ ವರ್ಷಕ್ಕೆ ಮೂರು ಮಾರಿಪೂಜೆ: ಸುಗ್ಗಿ, ಆಟಿ, ಜಾರ್ದೆ. ಸುಗ್ಗಿ ಮಾರಿಪೂಜೆಯ ದಿನ ಪೇಟೆಗೆ ಹೋದವರಿಗೆ ಮೊದಲು ಸಿಗುವುದು ಶಂಕರಪುರ ಮಲ್ಲಿಗೆಯ ಪರಿಮಳ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ ಆ ಹೂವನ್ನು ಬೆಳೆಯುವವರಲ್ಲಿ ಕ್ರೈಸ್ತರು ಬಹಳ. ಸಂತೆಯಲ್ಲಿ ಅಂಗಡಿ ಹಾಕುವವರಲ್ಲಿ ಮುಸ್ಲಿಮರಾದ ಬ್ಯಾರಿಗಳೂ ಸಾಹೇಬರೂ ಇರುತ್ತಿದ್ದರು. ಮಾರಿಗುಡಿಯ ಎದುರು ನಾಗಸ್ವರ ಊದುವ ಕೆಲಸ ತಲೆಮಾರುಗಳಿಂದ ಒಂದು ಮುಸ್ಲಿಂ ಕುಟುಂಬದ್ದು. 2022ರ ಮಾರ್ಚ್‌ನಲ್ಲಿ ಅದೇ ಗುಡಿಯ ಅಂಗಡಿ ಜಾಗದ ಏಲಂ ಹಿಂದೂಗಳಿಗೆ ಮಾತ್ರ ಎಂದಾಯಿತು. ಹಿಜಾಬ್ ನಿಷೇಧವನ್ನು ಎತ್ತಿಹಿಡಿದ ಹೈಕೋರ್ಟ್ ತೀರ್ಪು, ಅದರ ವಿರುದ್ಧ ಮುಸ್ಲಿಮರು ನಡೆಸಿದ ಬಂದ್, ಬಂದ್‌ಗೆ ಪ್ರತಿಯಾಗಿ ಬಹಿಷ್ಕಾರ, ಎಲ್ಲವೂ ಹತ್ತೇ ದಿನದೊಳಗೆ ನಡೆದುಹೋದವು. ಏಲಂನ ಈ ನಿರ್ಬಂಧಕ್ಕೆ 2002ರ ಮುಜರಾಯಿ ನಿಯಮವೊಂದು ಕಾನೂನಿನ ಆಧಾರವಾಯಿತು. ನಾಗಸ್ವರ ಮಾತ್ರ ನಿಲ್ಲಲಿಲ್ಲ.

ಊದುವವನಿಗೆ ಒಳಗೆ ಜಾಗ, ಮಾರುವವನಿಗೆ ಹೊರಗೂ ಜಾಗವಿಲ್ಲ. ಕರಾವಳಿಯ ಸೂಫಿ ಪರಂಪರೆಯ ಶಾಂತಿಯ ಬಗ್ಗೆ ನಾವು ಆಡುತ್ತ ಬಂದ ಮಾತನ್ನೆಲ್ಲ ಈ ಒಂದು ಚಿತ್ರದ ಎದುರು ಇಟ್ಟು ನೋಡಬೇಕು ಎಂಬುದು ನನ್ನ ಅನಿಸಿಕೆ. ಆ ಪರಂಪರೆ ನಿಜಕ್ಕೂ ಜಗಳ ಬಿಡಿಸುತ್ತಿತ್ತೇ? ಬಿಡಿಸುತ್ತಿದ್ದರೆ ಹೇಗೆ? ಆ ಬಲ ಈಗ ಎಲ್ಲಿ ಸೋರಿಹೋಯಿತು?

ಸೂಫಿಗಳೆಂದರೆ ‘ಎಲ್ಲ ಧರ್ಮವೂ ಒಂದೇ’ ಎಂದವರು ಎಂಬುದು ನಮ್ಮ ಭಾಷಣಗಳಲ್ಲಿ ಸವೆದ ಮಾತು. ಹಳೆಯ ಚಿಶ್ತಿ ಪಂಥದ ಸೂಫಿ ಗುರುಗಳ ಕತೆಗಳಲ್ಲಿ ಕಾಣುವುದು ಇದಕ್ಕಿಂತ ಕಷ್ಟದ ಕೆಲಸ. ಬಾಬಾ ಫರೀದರಿಗೆ ಯಾರೋ ಕತ್ತರಿಯನ್ನು ಕಾಣಿಕೆ ತಂದರಂತೆ. ಅವರು ಸೂಜಿ ಕೊಡಿ ಎಂದರಂತೆ, ತಾನು ಹೊಲಿಯುವವನು ಎಂದು. ಅವರ ಶಿಷ್ಯ ದೆಹಲಿಯ ನಿಜಾಮುದ್ದೀನ್ ಔಲಿಯಾರ ಮಾತುಗಳನ್ನು ಅಮೀರ್ ಹಸನ್ ಸಿಜ್ಜಿ ಬರೆದಿಟ್ಟಿದ್ದಾನೆ. ಮುಳ್ಳಿಟ್ಟವನ ದಾರಿಗೆ ನೀನೂ ಮುಳ್ಳಿಟ್ಟರೆ ಊರೆಲ್ಲ ಮುಳ್ಳಾಗುತ್ತದೆ ಎಂಬುದು ಅಲ್ಲಿನ ಒಂದು ಪಾಠ. ಅವಮಾನವನ್ನು ನುಂಗುವ ತಾಳ್ಮೆಗೆ ಅವರು ‘ಹಿಲ್ಮ್’ ಎಂದರು. ಖಾನ್‌ಖಾ ಎಂಬ ತಮ್ಮ ಆಶ್ರಮದಲ್ಲಿ ಬಂದವರಿಗೆಲ್ಲ ಊಟ ಹಾಕಿದರು, ಸುಲ್ತಾನರ ಆಸ್ಥಾನದಿಂದ ದೂರ ಉಳಿದರು. ಎರಡು ಕಡೆಯವರ ನಡುವೆ ನಿಲ್ಲುವವನು ಯಾರ ಹಂಗಿನಲ್ಲೂ ಇರಬಾರದು, ಎರಡು ಕಡೆಯವರೂ ಅವನ ಅನ್ನದ ಹಂಗಿನಲ್ಲಿರಬೇಕು. ಸೂಫಿ ಸಂಧಾನದ ತಳಪಾಯ ಇಷ್ಟೇ.

ಕರಾವಳಿಗೆ ಈ ಗುಣ ಬಂದದ್ದು ಬೇರೆ ದಾರಿಯಿಂದ. ಇಲ್ಲಿನ ಮುಸ್ಲಿಮರು ಹೆಚ್ಚಾಗಿ ಶಾಫಿ ಪಂಥದವರು. ಅರಬ್ಬಿ ಸಮುದ್ರದ ವ್ಯಾಪಾರ, ಯೆಮೆನ್ನಿನ ಹದ್ರಮೌತ್‌ನಿಂದ ಮಲಬಾರಿಗೆ ಬಂದ ಸಯ್ಯದ್ ಮನೆತನಗಳು, ರಾತೀಬ್, ಮೌಲೂದ್ ಎಂಬ ಸಾಮೂಹಿಕ ಪಠಣಗಳು, ಉಳ್ಳಾಲದ ಸಯ್ಯದ್ ಮದನಿ ದರ್ಗಾದಲ್ಲಿ ಐದು ವರ್ಷಕ್ಕೊಮ್ಮೆ ನಡೆಯುವ ಉರೂಸ್ — ಇದು ಇಲ್ಲಿನ ಸೂಫಿ ಲೋಕ. ಜಗಳ ಬಿಡಿಸುವ ಜಾಗ ತಂಙಳರ, ಎಂದರೆ ಆ ಸಯ್ಯದ್ ಮನೆತನಗಳ ಗುರುಗಳ, ಮನೆಯ ಜಗಲಿ. ಅಣ್ಣತಮ್ಮಂದಿರ ಪಾಲು, ತವರಿಗೆ ಬಂದು ಕುಳಿತ ಮಗಳು, ಹಿಂದಿರುಗದ ಸಾಲ, ಎಲ್ಲವೂ ಅಲ್ಲಿಗೆ ಬರುತ್ತವೆ. ಎರಡು ಕಡೆಯವರೂ ಒಂದೇ ಬೆಂಚಿನಲ್ಲಿ ಕಾಯಬೇಕು. ಕಾಯುವಾಗ ಚಾ ಬರುತ್ತದೆ. ಯಾರದು ತಪ್ಪು ಎಂಬ ಪ್ರಶ್ನೆ ಬೇಗ ಏಳುವುದಿಲ್ಲ. ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಮಕ್ಕಳು ಏನು ಓದುತ್ತಾರೆ ಎಂದು ಮಾತು ಸುತ್ತುತ್ತದೆ. ಕೊನೆಗೆ ದುಆ, ಊದಿದ ನೀರು. ಒಂದೇ ನೀರು ಕುಡಿದು ಎದ್ದವರಿಗೆ ಮತ್ತೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದು ಸಂಕೋಚ. ಅದು ಬರೀ ಪ್ರೀತಿಯಿಂದಾದ ರಾಜಿಯಲ್ಲ. ಹಿರಿಯರ ಮಾತು ಮೀರಿದರೆ ಕೇಡು ಎಂಬ ಹೆದರಿಕೆಯೂ ಅದರಲ್ಲಿ ಬೆರೆತಿದೆ.

ಈ ಕ್ರಮ ಇಲ್ಲಿ ಬೇರೂರಿದ್ದಕ್ಕೆ ಮಣ್ಣಿನ ಗುಣವೂ ಕಾರಣ. ತುಳುನಾಡಿನವರಿಗೆ ಮೂರನೆಯವನ ಎದುರು ನ್ಯಾಯ ಕೇಳುವುದು ಹೊಸತಲ್ಲ. ಕೋಲದಲ್ಲಿ ದೈವದ ನುಡಿ ಇದೆ, ಧರ್ಮಸ್ಥಳದ ಹೆಗ್ಗಡೆಯವರ ಎದುರು ದೂರು ಹೇಳಿ ತೀರ್ಪು ಪಡೆಯುವ ಹೊಯ್ಲು ಇದೆ. ತಂಙಳರ ಜಗಲಿ ಆ ಸಾಲಿಗೆ ಸೇರಿತು. ಮೊಗವೀರರು ಕಡಲಿಗಿಳಿಯುವ ಮುನ್ನ ನೆನೆಯುವ ಬೊಬ್ಬರ್ಯನ ಪಾಡ್ದನದಲ್ಲಿ ಆತ ಮುಸ್ಲಿಂ ವರ್ತಕನ ಮಗ. ಮೂಲ್ಕಿಯ ಬಪ್ಪನಾಡು ದೇವಿಯ ಹೆಸರಿನಲ್ಲೇ ಬಪ್ಪ ಬ್ಯಾರಿ ಇದ್ದಾನೆ. ಅವನ ಮನೆತನಕ್ಕೆ ಇಂದಿಗೂ ಜಾತ್ರೆಯ ಪ್ರಸಾದ ಸಲ್ಲುತ್ತದೆ. ಉಡುಪಿಯಲ್ಲಿ 1906ರಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆಯನ್ನು ಕಟ್ಟಿದ ಹಾಜಿ ಅಬ್ದುಲ್ಲಾ ಸಾಹೇಬರು ಕೃಷ್ಣಮಠದ ಲಕ್ಷದೀಪಕ್ಕೆ ಎಣ್ಣೆ ಕೊಡುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಅಬ್ದುಲ್ಲಾ ಸಾಹೇಬರು ಸೂಫಿಯಲ್ಲ, ವರ್ತಕರು. ಆದರೂ ಎಣ್ಣೆ, ಪ್ರಸಾದ, ಊದಿದ ನೀರು ಈ ಮೂರೂ ಮಾಡುವ ಕೆಲಸ ಒಂದೇ: ಒಬ್ಬರ ಋಣವನ್ನು ಇನ್ನೊಬ್ಬರ ಮನೆಯಲ್ಲಿ ಉಳಿಸುವುದು.

ಉಡುಪಿಯ ನೆನಪಿನಲ್ಲಿ ಇನ್ನೊಂದು ಕತೆಯಿದೆ. ಮಧ್ವಾಚಾರ್ಯರು ಗಂಗೆಯ ತೀರಕ್ಕೆ ಬಂದಾಗ ರಾಜರ ವೈರದಿಂದಾಗಿ ದೋಣಿಗಳಿರಲಿಲ್ಲ. ಅವರು ನದಿ ದಾಟಿ, ತಡೆಯಲು ಬಂದ ತುರುಷ್ಕ ಸೈನಿಕರ ನಡುವೆ ನಡೆದು, ದೊರೆಯೊಡನೆ ಅವನ ಭಾಷೆಯಲ್ಲೇ ಮಾತಾಡಿದರೆಂದು ‘ಸುಮಧ್ವವಿಜಯ’ದ ಸಂಪ್ರದಾಯ ಹೇಳುತ್ತದೆ. ತನ್ನ ಸಿದ್ಧಾಂತದಲ್ಲಿ ಕೂದಲೆಳೆಯಷ್ಟೂ ರಾಜಿ ಮಾಡಿಕೊಳ್ಳದ ಆಚಾರ್ಯರು ಅವರು. ಸಂಧಾನಕ್ಕೆ ತತ್ತ್ವದ ಐಕ್ಯ ಬೇಡ, ಎದುರಿನವನ ಬಳಿಗೆ ನಡೆದು ಹೋಗುವ ಧೈರ್ಯ ಸಾಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತಿಳಿದಿಲ್ಲ.

ಇನ್ನು ಆಕ್ಷೇಪಗಳು. ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ಬಿಜಾಪುರದ ಸೂಫಿಗಳ ಅಧ್ಯಯನ ನಮ್ಮ ಮೃದು ಚಿತ್ರವನ್ನು ಕಲಕುತ್ತದೆ. ಅಲ್ಲಿ ಕತ್ತಿ ಹಿಡಿದ ಸೂಫಿಗಳ ನೆನಪಿದೆ, ಆದಿಲಶಾಹಿಗಳಿಂದ ಇನಾಮು ಭೂಮಿ ಪಡೆದು ಜಮೀನ್ದಾರರಾದ ಪೀರ್‌ಗಳಿದ್ದಾರೆ, ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರಿಗಾಗಿ ದಖನಿಯಲ್ಲಿ ಹಾಡು ಕಟ್ಟಿದವರೂ ಇದ್ದಾರೆ. ಸೂಫಿ ಎಂಬ ಒಂದೇ ಹೆಸರಿನಡಿ ಇವರೆಲ್ಲ ಬಾಳಿದರು. ಕನ್ನಡದಲ್ಲಿ ರಹಮತ್ ತರೀಕೆರೆ ಅವರ ‘ಕರ್ನಾಟಕದ ಸೂಫಿಗಳು’ ಅರಮನೆಯ ಕಾಗದಪತ್ರಗಳಿಗಿಂತ ಜನರ ಆಚರಣೆಗೆ ಕಿವಿಗೊಟ್ಟಿತು. ಗೋವಿಂದಭಟ್ಟರು ಮತ್ತು ಶಿಶುನಾಳ ಶರೀಫರಂಥ ಗುರುಶಿಷ್ಯ ಜೋಡಿಗಳು ಅಪವಾದವಲ್ಲ, ಒಂದು ದೊಡ್ಡ ಬಳಗದವರು ಎಂದು ನಮಗೆ ಕಾಣಿಸಿದ್ದು ಇಂಥ ತಿರುಗಾಟದ ವಿದ್ವತ್ತಿನಿಂದ. ಈ ಎರಡು ಪುಸ್ತಕಗಳನ್ನು ಜೊತೆಗಿಟ್ಟು ಓದಬೇಕು. ಒಂದನ್ನೇ ಓದಿದರೆ ಸೂಫಿಗಳು ಬರೀ ಅಧಿಕಾರಸ್ಥರಾಗಿ ಕಾಣುತ್ತಾರೆ, ಇನ್ನೊಂದನ್ನೇ ಓದಿದರೆ ಬರೀ ಸಂತರಾಗಿ.

ಎರಡನೆಯ ಆಕ್ಷೇಪ ಒಳಗಿನದು, ಹೆಚ್ಚು ನೋಯಿಸುವಂಥದ್ದು. ತಂಙಳರ ಜಗಲಿಯಲ್ಲಿ ಮಾತು ಗಂಡಸರದು. ತವರಿಗೆ ಬಂದ ಮಗಳ ಕತೆಯನ್ನು ಅವಳ ಅಪ್ಪ ಹೇಳುತ್ತಾನೆ, ಗಂಡನ ಕತೆಯನ್ನು ಗಂಡನೇ ಹೇಳುತ್ತಾನೆ. ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದದ್ದು ಈ ಮೌನದ ಕುರಿತೇ. ಗಂಡಸರು ಕೂತು ಮುಗಿಸಿದ ಪಂಚಾತಿಕೆಯ ಬೆಲೆ ಆ ಕಾದಂಬರಿಯಲ್ಲಿ ನಾದಿರಾಳ ಜೀವ. ರಾಜಿಯಾಯಿತು ಎಂದು ಎದ್ದು ಹೋದವರಲ್ಲಿ ಯಾರು ಸೋತು ಎದ್ದರು ಎಂದು ಈ ಪರಂಪರೆ ಕೇಳಿಕೊಂಡದ್ದು ಕಡಿಮೆ. ದರ್ಗಾ, ಉರೂಸ್, ಹರಕೆಗಳನ್ನು ಒಪ್ಪದ ಸುಧಾರಕ ಮುಸ್ಲಿಮರ ಟೀಕೆಯಲ್ಲೂ ಕಿವಿಗೊಡಬೇಕಾದ ಅಂಶವಿದೆ: ಮನೆತನದ ಹಿರಿಮೆಯನ್ನು ನ್ಯಾಯ ಎಂದುಕೊಳ್ಳಬಾರದು.

ಮೂರನೆಯದು ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ. ದತ್ತಾತ್ರೇಯ ಮತ್ತು ಬಾಬಾ ಬುಡನ್ ಒಂದೇ ಗುಹೆಯಲ್ಲಿ ಭಕ್ತರಿಗೆ ಒಲಿದ ಜಾಗ ಈಗ ದಶಕಗಳಿಂದ ಕೋರ್ಟು, ಸಮಿತಿ, ಪೊಲೀಸ್ ಬಂದೋಬಸ್ತಿನ ಜಾಗ. ಜಗಳ ಬಿಡಿಸುವ ಪೀಠವೇ ಜಗಳದ ವಸ್ತುವಾದಾಗ ಸಂತನ ನೆನಪು ಅದನ್ನು ಕಾಯಲಾರದು. ಕಾಪುವಿನಲ್ಲಿ ಆದದ್ದೂ ಇದೇ. ಆಚರಣೆ ಉಳಿದಿತ್ತು, ಅದನ್ನು ಕಾಯುವ ಮಧ್ಯಸ್ಥ ಇರಲಿಲ್ಲ. ಏಲಂ ನಿಲ್ಲಿಸಿ ಎರಡು ಕಡೆಯವರನ್ನೂ ಕೂರಿಸಿ ಚಾ ಕೊಡಬಲ್ಲವರು ಆ ವಾರ ಯಾರೂ ಮುಂದೆ ಬರಲಿಲ್ಲ.

ಹಾಗೆ ಮುಂದೆ ಬಂದವರೂ ಇದ್ದರು. 2017ರ ಜೂನ್‌ನಲ್ಲಿ ಪೇಜಾವರದ ವಿಶ್ವೇಶತೀರ್ಥರು ಕೃಷ್ಣಮಠದಲ್ಲಿ ಇಫ್ತಾರ್ ಏರ್ಪಡಿಸಿದ್ದರು. ಅವರದೇ ಬಳಗದಿಂದ ಬೈಗುಳ ಬಂತು. ಅವರ ರಾಜಕೀಯ ನಿಲುವುಗಳನ್ನು ಒಪ್ಪದವರೂ ಒಂದನ್ನು ಒಪ್ಪಬೇಕು: ತನ್ನ ಕಡೆಯವರ ಬೈಗುಳ ತಿನ್ನಲು ಸಿದ್ಧನಿರುವವನು ಮಾತ್ರ ಮಧ್ಯಸ್ಥನಾಗಬಲ್ಲ. ನಮ್ಮ ಸೌಹಾರ್ದ ಸಭೆಗಳಲ್ಲಿ ಒಬ್ಬ ಸ್ವಾಮೀಜಿ, ಒಬ್ಬ ಮೌಲವಿ, ಒಬ್ಬ ಫಾದರ್ ಹಾರ ಹಾಕಿಸಿಕೊಂಡು ಕೂರುತ್ತಾರೆ. ಅವರಲ್ಲಿ ಯಾರಿಗೂ ಯಾರ ಋಣವೂ ಇಲ್ಲ, ಆ ಸಂಜೆ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ಹಾಗಾಗಿ ಏನೂ ಹುಟ್ಟುವುದೂ ಇಲ್ಲ.

2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಸಮುದಾಯ ಮಧ್ಯಸ್ಥಿಕೆಗೆ ಜಾಗವಿದೆ. ಊರಿನ ಶಾಂತಿ ಕೆಡಿಸಬಹುದಾದ ವ್ಯಾಜ್ಯಕ್ಕೆ, ಎರಡೂ ಕಡೆಯವರು ಮೊದಲೇ ಒಪ್ಪಿದರೆ, ಮೂವರು ಮಧ್ಯಸ್ಥರು ಕೂರಬಹುದು. ಮಧ್ಯಸ್ಥರ ಪಟ್ಟಿಯಲ್ಲಿ ಮಹಿಳೆಯರ ಪ್ರಾತಿನಿಧ್ಯವನ್ನು ಪರಿಗಣಿಸಬೇಕೆಂದೂ ಕಾಯ್ದೆ ಹೇಳುತ್ತದೆ. ಅಲ್ಲಿ ಆಗುವ ಒಪ್ಪಂದಕ್ಕೆ ಕೋರ್ಟಿನ ಡಿಕ್ರಿಯ ಬಲವಿಲ್ಲ. ಜನ ನಂಬಿದರೆ ಅದು ನಿಲ್ಲುತ್ತದೆ, ಇಲ್ಲವಾದರೆ ಬೀಳುತ್ತದೆ. ಜಗಲಿಯ ರಾಜಿಯೂ ಹೀಗೇ ಇತ್ತು. ಮಣಿಪಾಲದ ತರಗತಿಗಳಲ್ಲಿ ಗಾಂಧಿಯನ್ನೂ ಶಾಂತಿಯನ್ನೂ ಓದುವ ಹುಡುಗ ಹುಡುಗಿಯರು ಹತ್ತೇ ಮೈಲು ಇಳಿದು ಕಾಪುವಿಗೆ, ಆಚೆ ಕಾರ್ಕಳಕ್ಕೆ ಹೋಗಿ ಹಳೆಯ ಜಗಲಿಗಳ ಕೆಲಸವನ್ನು ಕಲಿತು, ಅಲ್ಲಿ ಮಾತು ಸಿಗದವರಿಗೆ ಮಾತು ಸಿಗುವಂತೆ ಮಾಡಿದರೆ ಈ ಕಾಯ್ದೆಗೆ ಜೀವ ಬಂದೀತು.

ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಬಳಿ ಉದ್ಯಾವರವಿದೆ. ಅಲ್ಲಿನ ಅರಸು ಮಂಜಿಷ್ಣಾರ್ ದೈವಗಳ ಪಾತ್ರಿಗಳು ಉತ್ಸವಕ್ಕೆ ಮುನ್ನ ಖಡ್ಗ ಹಿಡಿದು ಸಾವಿರ ಜಮಾಅತ್ ಮಸೀದಿಗೆ ನಡೆದು ಹೋಗುತ್ತಾರೆ. ಜಮಾಅತಿನ ಹಿರಿಯರು ಹೊರಗೆ ಬಂದು ಎದುರುಗೊಳ್ಳುತ್ತಾರೆ. ದೈವ ಅವರನ್ನು ತನ್ನ ಉತ್ಸವಕ್ಕೆ ಕರೆಯುತ್ತದೆ. ಹೋದ ವರ್ಷ ಕರೆದದ್ದು ಈ ವರ್ಷಕ್ಕೆ ಸಾಲದು. ಪ್ರತಿ ವರ್ಷವೂ ಪಾತ್ರಿ ಆ ದೂರವನ್ನು ಬರಿಗಾಲಲ್ಲಿ ನಡೆಯಬೇಕು, ಜಮಾಅತಿನವರು ಬಾಗಿಲಿಗೆ ಬರಬೇಕು. ಕಾಪುವಿನ ಮುಂದಿನ ಏಲಂಗೂ ಮುಂಚೆ ಯಾರಾದರೂ ಹಾಗೆ ನಡೆದು ಹೋಗಬೇಕು.